ಇಬ್ಬರು ಅಜ್ಜಿಯರು, ಒಂದು ಒದ್ದೆ ಹಾಸಿಗೆ

ಬನ್ನಿ, ಚಾಪೆ ಎಳ್ಕೊಂಡು ಕೂತ್ಕೊಳ್ಳಿ. ಮೊಬೈಲು ಕವುಚಿ ಇಡಿ. ಸಣ್ಣ ಮಕ್ಕಳಿರುವ ಮನೆಯಲ್ಲಿ ಒಂದಲ್ಲ ಒಂದು ಆಗ್ತಲೇ ಇರ್ತದೆ, ಬೋಳಾರದ ನಮ್ಮ ನದಿಬದಿಯ ಮನೆಯಲ್ಲಿ ಸ್ವಲ್ಪ ಜಾಸ್ತಿ.

೧. ಹಗ್ಗದ ಬಾವುಟ

ಮಗ ಗಲ್ಫಿನಲ್ಲಿ, ಸೊಸೆ ಬ್ಯಾಂಕಿನಲ್ಲಿ. ಆರು ವರ್ಷದ ಮೊಮ್ಮಗಳು ನನ್ನ ಕಥೆ ಕೇಳಿಯೇ ಬೆಳೆದವಳು. ಹಾಸಿಗೆ ಒದ್ದೆ ಮಾಡುವುದು ಯಾವಾಗಲೋ ನಿಂತಿತ್ತು, ಈ ವರ್ಷ ಶಿವರಾತ್ರಿಯ ಹೊತ್ತಿಗೆ ಪುನಃ ಶುರುವಾಯಿತು. ದಿನಾ ಬೆಳಿಗ್ಗೆ ನನ್ನ ಹಗ್ಗದಲ್ಲಿ ಬೆಡ್‌ಶೀಟು, ಬಾವುಟದ ಹಾಗೆ.

ರಜೆಯಲ್ಲಿ ಅವಳು ಉರ್ವಕ್ಕೆ, ಸೊಸೆಯ ಅಮ್ಮನ ಮನೆಗೆ ಹೋದಳು. ನಾಲ್ಕು ದಿನ ಕಳೆದದ್ದೇ ಅವರ ಫೋನು.

"ಇಲ್ಲಿ ಹಾಸಿಗೆ ಒಣಗಿಯೇ ಉಂಟು ಅಕ್ಕ. ಮಗು ಆರಾಮದಲ್ಲಿ ಉಂಟು."

ಆ 'ಆರಾಮ' ನನ್ನ ಎದೆಗೆ ಗಾಂಧಾರಿ ಮೆಣಸು ಅರೆದ ಹಾಗಾಯಿತು. ಒಂದು ಕಥೆ ಬಾರದ, ಟಿವಿ ಹಾಕಿ ಮಗುವನ್ನು ಕೂರಿಸುವ ಹೆಂಗಸು!

ಮಗು ವಾಪಸ್ಸು ಬಂದ ವಾರದೊಳಗೆ ನನ್ನಲ್ಲಿ ಮತ್ತೆ ಬಾವುಟ. ಸೊಸೆ ಮೆಲ್ಲ ಹೇಳಿದಳು, "ಮಾಮಿ, ಜೂನಿನಿಂದ ಅವಳು ಉರ್ವದಿಂದಲೇ ಶಾಲೆಗೆ ಹೋಗಲಿ."

ಸಾಕಿದ್ದು ನಾನು, ಗೆದ್ದದ್ದು ಒಂದು ಒಣ ಬೆಡ್‌ಶೀಟು.

೨. ಮೂಗಿನ ಕೆಲಸ

ಹಾಗೆ ಬಿಡುವವಳಾ ನಾನು? ಡಬ್ಬಿಯಲ್ಲಿ ಬಂಗುಡೆ ಮೀನಿನ ಪುಳಿಮುಂಚಿ ಸಾರು ಹಿಡಿದು ಉರ್ವದ ಸಿಟಿ ಬಸ್ಸು ಹತ್ತಿದೆ. ಸೊಸೆಯ ಅಮ್ಮ ಚಾ ಮಾಡಲು ಒಳಗೆ ಹೋದದ್ದೇ ನಾನು ಮಲಗುವ ಕೋಣೆಗೆ. ಗುಟ್ಟಿನಲ್ಲಿ ಪ್ಲಾಸ್ಟಿಕ್ಕು ಹಾಸಿದ್ದಾರಾ ಎಂದು ತಡಕಿದೆ. ಆಮೇಲೆ ಹಾಸಿಗೆಗೆ ಮೂಗು ಇಟ್ಟೆ. ಹಿಂದೆ ತಿರುಗಿದರೆ ಚಾ ಹಿಡಿದು ನಿಂತಿದ್ದಾರೆ.

"ಎಂತ ಅಕ್ಕ ಹುಡುಕುವುದು?"

"ತಿಗಣೆ ಉಂಟಾ ಅಂತ."

"ಉಂಟಾ?"

ಇಲ್ಲ ಅಂದೆ. ಒಂದು ತಿಗಣೆಯಾದರೂ ಇದ್ದಿದ್ದರೆ ನನ್ನ ಹೊಟ್ಟೆಕಿಚ್ಚು ಅರ್ಧ ಇಳಿಯುತ್ತಿತ್ತು.

೩. ನಾಲ್ಕು ಬೆರಳು

ಸೊಸೆ ಮಗುವನ್ನು ಡಾಕ್ಟರಲ್ಲಿಗೆ ಹೊರಡಿಸಿದಳು. ಒಬ್ಬ ಅಜ್ಜಿ ಹೋದರೆ ಇನ್ನೊಬ್ಬಳು ಮನೆಯಲ್ಲಿ ಕೂರುವುದುಂಟಾ? ಇಬ್ಬರೂ ಹೋದೆವು. ನಾನು ತಪ್ಪನ್ನು ಕಲ್ಲಂಗಡಿಯ ಮೇಲೆ ಹಾಕಿದೆ, ಅವರು ಬೋಳಾರದ ಬಾವಿನೀರಿನ ಮೇಲೆ. ಡಾಕ್ಟರು ನಮ್ಮಿಬ್ಬರನ್ನೂ ಬಿಟ್ಟು ಮೂತ್ರ ಪರೀಕ್ಷೆ ಮಾಡಿಸಿದರು. ಸೋಂಕಿಲ್ಲ, ಸಕ್ಕರೆಯಿಲ್ಲ. ಗೊರಕೆ ಉಂಟಾ ಕೇಳಿದರು, ಅದೂ ಇಲ್ಲ. ಹೊಟ್ಟೆ ಒತ್ತಿದರು, ಕಲ್ಲಿನ ಹಾಗೆ ಗಟ್ಟಿ. ಕಕ್ಕಸಿಗೆ ಹೋಗಿ ಎಷ್ಟು ದಿನ ಆಯಿತು ಎಂದದ್ದಕ್ಕೆ ಮಗು ನಾಲ್ಕು ಬೆರಳು ತೋರಿಸಿತು.

ಕರುಳು ತುಂಬಿ ಮೂತ್ರಚೀಲವನ್ನು ಒತ್ತುತ್ತದಂತೆ, ರಶ್ ಬಸ್ಸಿನಲ್ಲಿ ಮೂಲೆಗೆ ಸಿಕ್ಕಿದವರ ಹಾಗೆ. ಜಾಗ ಸಾಲದೆ ನಿದ್ದೆಯಲ್ಲಿ ಹೊರಗೆ ಹೋಗ್ತದೆ. ಮಗುವಿನ ತಪ್ಪಲ್ಲ, ಬೈಯಬೇಡಿ ಅಂದರು. "ಯಾಕೆ ಪುಟ್ಟಾ ತಡೆದುಕೊಳ್ಳುವುದು?"

"ಬೋಳಾರದ ಕಕ್ಕಸಿನಲ್ಲಿ ಏಡಿ ಉಂಟು. ನದಿಯಿಂದ ಪೈಪಿನಲ್ಲಿ ಬಂದು, ಹೆಚ್ಚು ಹೊತ್ತು ಕೂತವರ ಅಂಡು ಹಿಡೀತದೆ. ಉರ್ವದಲ್ಲಿ ನದಿ ಇಲ್ಲ."

"ಯಾರು ಹೇಳಿದ್ದು?"

ಮಗು ನನ್ನ ಕಡೆ ಬೆರಳು ತೋರಿಸಿತು. ಕಕ್ಕಸಿನಲ್ಲಿ ಕೂತು ಚೊಂಬಿನಲ್ಲಿ ನೀರಾಟ ಆಡ್ತಾಳೆಂದು ಶಿವರಾತ್ರಿಗೆ ಮೊದಲು ನಾನೇ ಕಟ್ಟಿದ ಕಥೆ. ಉರ್ವದವರಿಗೂ ಒಂದೆರಡು ಕಥೆ ಬರ್ತಿದ್ದರೆ ಎಷ್ಟು ಚಂದ ಇತ್ತು, ತಪ್ಪನ್ನು ಅವರ ಮೇಲೆ ಹಾಕಬಹುದಿತ್ತು ಎಂದು ನನಗೆ ಅನಿಸಿದ್ದು ಆವತ್ತು ಮಾತ್ರ.

೪. ಏಡಿಯ ಸುಕ್ಕ

ಮದ್ದು, ಹಗಲು ಬೇಕಾದಷ್ಟು ನೀರು, ಬಸಳೆ ಸೊಪ್ಪು, ಊಟವಾದ ಮೇಲೆ ಐದು ನಿಮಿಷ ಕಕ್ಕಸಿನಲ್ಲಿ ಕೂರುವುದು, ಇಷ್ಟು ಸೊಸೆಯ ಪಾಲು. ಏಡಿ ನನ್ನ ಪಾಲು. ಅದು ಸುಳ್ಳು ಕಥೆ ಮಾರಾಯ್ತಿ ಅಂದರೆ ಮಗು ನಂಬಲಿಲ್ಲ. "ಏಡಿಗೆ ಹೆದರಿ ಹಾಗೆ ಹೇಳುವುದು ನೀನು" ಅಂದಳು. ಕಡೆಗೆ ಮಾರ್ಕೆಟಿನಿಂದ ದೊಡ್ಡದೊಂದು ಏಡಿ ತಂದು, ಪೈಪಿನಲ್ಲಿ ಹಿಡಿದೆ ಅಂತ ತೋರಿಸಿ ತೆಂಗಿನತುರಿ ಹಾಕಿ ಸುಕ್ಕ ಮಾಡಿದೆ. ಮಗು ಏಡಿಯ ಕಾಲು ಚೀಪಿ ಚೀಪಿ ತಿಂದು ನೇರ ಕಕ್ಕಸಿಗೆ ನಡೆಯಿತು.

ಶಾಲೆ ಶುರುವಾಗುವಾಗ ಬಾವುಟ ವಾರಕ್ಕೊಂದಕ್ಕೆ ಇಳಿದಿತ್ತು, ಸೊಸೆ ಉರ್ವದ ಮಾತು ಬಿಟ್ಟಳು. ಮಳೆಗಾಲ ಮುಗಿಯುವಾಗ ಹಗ್ಗ ಖಾಲಿ. ಮೊಮ್ಮಗಳು ಬೋಳಾರದಿಂದಲೇ ಶಾಲೆಗೆ ಹೋಗ್ತಾಳೆ, ಶನಿವಾರ ಆದಿತ್ಯವಾರ ಉರ್ವ. ಪೈಪಿನ ವಿಷಯ ಸುಳ್ಳೆಂದು ಗೊತ್ತಿದ್ದರೂ ಸೊಸೆ ಇವತ್ತಿಗೂ ಏಡಿ ಮುಟ್ಟುವುದಿಲ್ಲ.

ಉರ್ವದವರಿಗೆ ಮಾತ್ರ ಹೊಸ ಅಭ್ಯಾಸ ಆಗಿದೆ, ಕಕ್ಕಸಿಗೆ ಹೋಗುವ ಮೊದಲು ಕೋಲಿನಿಂದ ಬಾಗಿಲಿಗೆ ಮೂರು ಸಲ ಕುಟ್ಟುತ್ತಾರೆ. ಏಡಿಯ ಹೆಂಡತಿ ಗಂಡನನ್ನು ಹುಡುಕಿಕೊಂಡು ಬಸ್ಸು ಹತ್ತಿ ಉರ್ವಕ್ಕೆ ಬಂದಿದ್ದಾಳಂತೆ. ಮಂಗಳಾದೇವಿಯಾಣೆ ನಾನು ಹೇಳಿದ್ದಲ್ಲ, ಮೊಮ್ಮಗಳೇ ಕಟ್ಟಿದ್ದು.

ಟಿವಿ ನೋಡಿದರೆ ಇಂಥದ್ದು ಬರ್ತದಾ, ನೀವೇ ಹೇಳಿ.