ಮೂರು ದೀಪದ ಟೊಪ್ಪಿಗೆ

ಎಲ್ಲಕ್ಕೂ ಕಾರಣ ಒಂದು ಟೊಪ್ಪಿಗೆ. ಬೀಜದ ಅಂಗಡಿಯವರು ಪುಕ್ಕಟೆ ಹಂಚಿದ್ದು. ಅದರ ಅಂಚಿಗೆ ಕೈಲಾಶ ಮೂರು ಸಣ್ಣ ದೀಪಗಳನ್ನು ತಂತಿಯಿಂದ ಕಟ್ಟಿಕೊಂಡಿದ್ದ. ಆ ದೀಪಗಳ ಬೆಳಕು ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ, ಕಂಪ್ಯೂಟರಿನ ನೆತ್ತಿಯ ಮೇಲಿರುವ ಕ್ಯಾಮೆರಾಕ್ಕೆ ಮಾತ್ರ ಕಾಣುತ್ತದೆ. ತಲೆಯನ್ನು ಎರಡು ಬೆರಳಿನಷ್ಟು ಎಡಕ್ಕೆ ಹೊರಳಿಸಿದರೆ ಸಾಕು, ವಿಮಾನ ಹಾರಿಸುವ ಆಟದ ಪರದೆಯಲ್ಲಿ ವಿಮಾನದ ಎಡ ಕಿಟಕಿ ಪೂರ್ತಿ ಎದುರಿಗೆ ಬಂದು ನಿಲ್ಲುತ್ತದೆ. ಗದ್ದ ಸ್ವಲ್ಪ ತಗ್ಗಿಸಿದರೆ ವೇಗ, ಎತ್ತರ ತೋರಿಸುವ ಮುಳ್ಳುಗಳು ಕಾಣುತ್ತವೆ. ತಲೆ ಎತ್ತ ಹೊರಳಿದರೂ ಕಣ್ಣು ಮಾತ್ರ ಪರದೆ ಬಿಟ್ಟು ಸರಿಯಬಾರದು. ಇದನ್ನು ರೂಢಿ ಮಾಡಿಕೊಳ್ಳಲು ಕೈಲಾಶನಿಗೆ ಮೂರು ತಿಂಗಳು ಹಿಡಿದಿತ್ತು, ಒಮ್ಮೆ ಕುತ್ತಿಗೆಯೂ ಹಿಡಿದಿತ್ತು.

ಕೈಲಾಶ ಔರಾದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ದಿನವೂ ಬೀದರದಿಂದ ಬಸ್ಸು ಹತ್ತಿ ಹೋಗಿ, ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗಿ, ಮತ್ತೆ ಬಸ್ಸು ಹತ್ತಿ ಬರುವುದು ಅವನ ಬದುಕು. ಆದರೆ ಬೀದರದಲ್ಲಿ ಹುಟ್ಟಿದವನ ತಲೆಯ ಮೇಲೆ ಸಣ್ಣಂದಿನಿಂದಲೂ ವಾಯುಪಡೆಯ ತರಬೇತಿ ವಿಮಾನಗಳು ಗುಂಯ್ ಅನ್ನುತ್ತ ಸುತ್ತಿದ್ದವು. ಶಾಲೆಯಲ್ಲಿ ಕಿಟಕಿಯಿಂದ ಅವನ್ನೇ ನೋಡುತ್ತ ಕೂತದ್ದಕ್ಕೆ ದತ್ತಾತ್ರಿ ಗುರುಜಿ ಅವನ ಕಿವಿ ಹಿಂಡಿದ್ದು ಲೆಕ್ಕವಿಲ್ಲದಷ್ಟು ಸಲ. ಕಿವಿ ಹಿಂಡಿಸಿಕೊಂಡೇ ಅವನು ಆಕಾಶ ನೋಡಿದ. ನಲವತ್ತೆರಡನೆಯ ವಯಸ್ಸಿಗೆ, ಪಡಸಾಲೆಯ ಮೂಲೆಯ ಮೇಜಿನ ಮೇಲೆ, ಕೊನೆಗೂ ಹಾರತೊಡಗಿದ.

ಈ ರವಿವಾರ ಅವನಿಗೆ ಪರೀಕ್ಷೆ. ಹೈದರಾಬಾದಿನಲ್ಲಿ ಹೀಗೆ ಮನೆಯಲ್ಲೇ ಹಾರುವವರ ಒಂದು ಕೂಟವಿದೆ. ಒಳಗೆ ಸೇರಿಕೊಂಡರೆ ಪ್ರತಿ ರವಿವಾರ ಇಪ್ಪತ್ತು ವಿಮಾನಗಳು ಒಂದೇ ಆಕಾಶದಲ್ಲಿ ಕೂಡಿ ಹಾರುತ್ತವೆ. ಖಾಲಿ ಇದ್ದದ್ದು ಒಂದೇ ಜಾಗ, ಕಾದಿದ್ದವರು ಹನ್ನೊಂದು ಮಂದಿ. ಕೈಲಾಶ ಈಗಾಗಲೇ ಎರಡು ಸಲ ನಪಾಸಾಗಿದ್ದ. ಪರೀಕ್ಷಕರು ಜೇಮ್ಸ ಸಾಹೇಬರು, ಮೂಲ ಭಾಲ್ಕಿಯವರು. ಪರದೆ ಬಿಟ್ಟು ಬೇರೆಲ್ಲೋ ನೋಡಿ ಓದಿಕೊಂಡು ಹಾರಿಸುವ ಕಳ್ಳರನ್ನು ಹಿಡಿಯಲು ಎದುರಿಗೆ ಫೋನು ನಿಲ್ಲಿಸಿ ಮುಖ ಕಾಣಿಸಬೇಕೆಂಬುದು ಅವರ ಕಟ್ಟುನಿಟ್ಟು. ಕೈಲಾಶ ಉಪ್ಪಿನಕಾಯಿ ಡಬ್ಬಿಗೆ ಫೋನು ಒರಗಿಸಿ, ಎರಡೂ ಕಿವಿ ಮುಚ್ಚುವ ಹೆಡ್‌ಫೋನು ಹಾಕಿಕೊಂಡು ಕೂತ.

ಅಡುಗೆಮನೆಯಲ್ಲಿ ಹೆಂಡತಿ ಸುಮನ ಶೇಂಗಾ ಕುಟ್ಟುತ್ತಿದ್ದಳು.

"ನಿಮ್ಮ ಮನ್ಯಾಗ ಭಾಳ ಗದ್ದಲ ಅದರಿ," ಅಂದರು ಜೇಮ್ಸ ಸಾಹೇಬರು. "ಮೈಕ್ ಬಂದ್ ಮಾಡ್ರಿ. ನಾ ಕೇಳಿದ್ದಕ್ಕ ತಲಿ ಅಲ್ಲಾಡಸಿದ್ರ ಸಾಕು. ನಿಮ್ಮ ಮಾರಿ ನನಗ ಬರೋಬ್ಬರಿ ಕಾಣಸ್ಲಾಕತ್ತದ."

ಕೈಲಾಶ ಮೈಕು ಮುಚ್ಚಿದ. ವಿಮಾನ ನೆಲ ಬಿಟ್ಟಿತು.

ಅದೇ ಹೊತ್ತಿಗೆ ಸುಮನ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಏನ್ರಿ, ನಮ್ಮವ್ವ ನಾಡಿದ್ದು ಮೆಹಕರದಿಂದ ಬರ್ತಾಳ. ಎರಡು ತಿಂಗಳು ಇರ್ತಾಳಂತ. ಈ ಮೇಜ ತಗದು ಇಲ್ಲೇ ಆಕಿ ಮಂಚ ಹಾಕಲೇನು?"

ಕೈಲಾಶನಿಗೆ ಒಂದಕ್ಷರ ಕೇಳಿಸಲಿಲ್ಲ. ವೇಗದ ಮುಳ್ಳು ನೋಡಲು ಗದ್ದ ತಗ್ಗಿಸಿದ, ಎತ್ತಿದ. ಎತ್ತರದ ಮುಳ್ಳು ನೋಡಲು ಮತ್ತೆ ತಗ್ಗಿಸಿದ.

ಸುಮನ ನಿಂತಲ್ಲೇ ನಿಂತಳು. ಮೇಜಿನ ಮೇಲಿನ ಧೂಳು ಒರೆಸಲಿಕ್ಕೂ ಬಿಡದ ಗಂಡ ಒಂದೇ ಮಾತಿಗೆ ಮೇಜನ್ನೇ ಬಿಟ್ಟುಕೊಟ್ಟಿದ್ದ. ಅದೂ ಎರಡು ಸಲ ತಲೆಯಾಡಿಸಿ. ಇಂಥ ಸುದ್ದಿಯನ್ನು ಒಬ್ಬಳೇ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಯಾರಿಂದ ಸಾಧ್ಯ? ನೆಟ್ಟಗೆ ಪಕ್ಕದ ಮನೆಗೆ ಹೋದಳು.

ಪಕ್ಕದ ಮನೆಯ ಶೇವಂತಾಬಾಯಿ ಯಾವುದನ್ನೂ ಕಣ್ಣಾರೆ ನೋಡದೆ ನಂಬುವವಳಲ್ಲ. ಬಂದು ಕೈಲಾಶನ ಬದಿಗೆ ನಿಂತು ಕೇಳಿದಳು. "ಏನಪಾ ಕೈಲಾಶ, ಓಣಿ ಹೆಂಗಸರ ಪೈಕಿ ನಾನೇ ಛಂದ ಹಾಡ್ತೇನಿ, ಹೌದಿಲ್ಲೋ?"

ಕೈಲಾಶ ಎತ್ತರದ ಮುಳ್ಳು ನೋಡಿದ.

"ಅಯ್ಯ, ಹೌದಂದನಲ್ಲ!" ಶೇವಂತಾಬಾಯಿ ಸೆರಗು ಸರಿಪಡಿಸಿಕೊಂಡಳು. ಹೋದ ವರ್ಷ ಅವಳು ಹಾಡುವಾಗ ಎದ್ದು ಹೋದವನು ಇವನೇ. "ಮನುಷ್ಯಾ ಸುಧಾರಸ್ಯಾನವಾ. ತಡಿ, ಗುರುಜಿನ್ನ ಕರೀತೇನಿ. ಆರು ತಿಂಗಳಿಂದ ಇವನ ಬೆನ್ನ ಹತ್ಯಾರ."

ದತ್ತಾತ್ರಿ ಗುರುಜಿ ಬೆನ್ನು ಹತ್ತಿದ್ದಕ್ಕೆ ಕಾರಣವಿತ್ತು. ಓಣಿಯ ಬುದ್ಧ ವಿಹಾರದಲ್ಲಿ ಮಕ್ಕಳಿಗೊಂದು ವಾಚನಾಲಯ ಮಾಡಿದ್ದರು. ರವಿವಾರ ಅದರ ಬಾಗಿಲು ತೆರೆದು ಕೂರುವವರು ಯಾರೂ ಇರಲಿಲ್ಲ. ದೊಡ್ಡ ದನಿಯವನು, ಗದ್ದಲಕ್ಕೆ ಹೆದರದವನು ಬೇಕಿತ್ತು. ಬಸ್ ನಿಲ್ದಾಣದ ಕಂಟ್ರೋಲರನಿಗಿಂತ ತಕ್ಕವನು ಬೇರೆ ಯಾರಿದ್ದಾನು? ಆದರೆ ಗುರುಜಿ ಈ ಓಣಿಯಲ್ಲಿ ಕಾಣಿಸಿದರೆ ಕೈಲಾಶ ಆ ಓಣಿಯಲ್ಲಿ ಮಾಯವಾಗುತ್ತಿದ್ದ.

ಗುರುಜಿ ಬಂದಾಗ ವಿಮಾನ ತಾನು ಇಳಿಯಬೇಕಾದ ಓಡುಹಾದಿಗೆ ಸಮಾನಾಂತರವಾಗಿ ಹಾರುತ್ತಿತ್ತು. ತಿರುಗುವ ಜಾಗ ತಪ್ಪಬಾರದೆಂದು ಕೈಲಾಶ ಎಡಕ್ಕೆ ತಲೆ ಹೊರಳಿಸಿ ಓಡುಹಾದಿ ನೋಡುತ್ತಿದ್ದ, ಮತ್ತೆ ಮುಂದೆ ನೋಡುತ್ತಿದ್ದ, ಮತ್ತೆ ಎಡಕ್ಕೆ. ಗುರುಜಿ ವಾಚನಾಲಯದ ಮಾತು ಮುಗಿಸುವಷ್ಟರಲ್ಲಿ ನಾಲ್ಕು ಸಲ ಹೊರಳಿಸಿದ್ದ.

"ಒಲ್ಲೆ ಅಂತಾನ," ಗುರುಜಿ ಸಪ್ಪಗಾದರು.

"ಜರಾ ತಡೀರಿ ಗುರುಜಿ. ಇನ್ನೊಮ್ಮಿ ಕೇಳ್ರಿ," ಅಂದಳು ಶೇವಂತಾಬಾಯಿ.

ವಿಮಾನ ತಿರುಗಿ ಓಡುಹಾದಿಗೆ ಎದುರಾಯಿತು. ಇನ್ನು ವೇಗ ನೋಡಬೇಕು, ನೆಲ ನೋಡಬೇಕು, ವೇಗ ನೋಡಬೇಕು.

"ಕೈಲಾಶ, ಪ್ರತಿ ರವಿವಾರ ಹತ್ತರಿಂದ ಒಂದರ ತನಕ ವಾಚನಾಲಯ ನೋಡಕೋತಿ ಏನಪಾ?"

ಕೈಲಾಶ ಹೌದೆಂದ. ಮತ್ತೆ ಹೌದೆಂದ. ಐದಾರು ಸಲ, ಶ್ರದ್ಧೆಯಿಂದ, ಹೌದೆಂದ.

"ಸಕ್ಕರಿ ತಾರವಾ ಸುಮನ!" ಗುರುಜಿಯ ದನಿ ಏರಿತು. ನಾಲ್ಕು ಮಂದಿಯ ಎದುರು ಬಾಯಿಗೆ ಸಕ್ಕರೆ ಬಿದ್ದರೆ ಆ ಓಣಿಯಲ್ಲಿ ಮಾತು ಪಕ್ಕಾ. ಅಷ್ಟೊತ್ತಿಗೆ ಆಟೋ ದಸ್ತಗೀರನೂ ಏನು ನಡೆದಿದೆ ಎಂದು ಇಣುಕಿದ್ದರಿಂದ ನಾಲ್ಕು ಮಂದಿ ಭರ್ತಿಯಾಗಿದ್ದರು. ತುಟಿಗೆ ಏನೋ ತಾಗಿದಾಗ ಕೈಲಾಶ, ಪರೀಕ್ಷೆ ಒಳ್ಳೆಯದಾಗಲೆಂದು ಹೆಂಡತಿ ಕೊಟ್ಟಳೆಂದುಕೊಂಡು ಬಾಯಿ ತೆರೆದು ನುಂಗಿದ. ಗುರುಜಿ ವಾಚನಾಲಯದ ಕೀಲಿಕೈಯನ್ನು ಅವನ ತೊಡೆಯ ಮೇಲಿಟ್ಟರು.

ಚಕ್ರಗಳು ನೆಲ ಮುಟ್ಟಿದವು. ಇಷ್ಟು ಮೆತ್ತಗೆ ಅವನು ಎಂದೂ ಇಳಿದಿರಲಿಲ್ಲ.

"ಶಾಬಾಸ್! ಪಾಸಾದ್ರಿ ನೀವು!" ಕಿವಿಯಲ್ಲಿ ಜೇಮ್ಸ ಸಾಹೇಬರ ದನಿ.

ಕೈಲಾಶ ಹೆಡ್‌ಫೋನು ಕಿತ್ತು ಕುತ್ತಿಗೆಗೆ ಇಳಿಸಿ, "ಸುಮನಾ! ನಾ ಪಾಸಾದ್ಯಾ!" ಎಂದು ಕೂಗಿದ. ತೊಡೆಯಿಂದ ಕೀಲಿಕೈ ಠಣ್ಣೆಂದು ಬಿತ್ತು. ನೋಡಿದರೆ ಮನೆ ತುಂಬ ಮಂದಿ.

"ಇದೇನ್ರಿ?"

"ವಾಚನಾಲಯದ ಕೀಲಿ," ಅಂದರು ಗುರುಜಿ. "ಪ್ರತಿ ರವಿವಾರ ನಿಂದೇ ಜವಾಬ್ದಾರಿ. ಈಗಷ್ಟೇ ಹೂಂ ಅಂದೀಯಲ್ಲ."

"ಮ್ಯಾಲಿಂದ ಮೇಜೂ ತಗಿ ಅಂದೀರಿ," ಅಂದಳು ಸುಮನ.

ಪಾಸಾದ ಗಳಿಗೆಯಲ್ಲೇ ರವಿವಾರವೂ ಹೋಯಿತು, ಮೇಜೂ ಹೋಯಿತು. ಕೈಲಾಶ ಕೂತಲ್ಲೇ ಎರಡೂ ಕೈ ಜೋಡಿಸಿ ತಲೆಯನ್ನು ಬಲಕ್ಕೂ ಎಡಕ್ಕೂ ಜೋರಾಗಿ ಅಲ್ಲಾಡಿಸಿದ. "ಇಲ್ಲರಿ ಗುರುಜಿ! ನಾ ಹೂಂ ಅಂದಿಲ್ಲ! ನನ್ನಿಂದ ಆಗಂಗಿಲ್ಲರಿ! ನಾ ಮುಳ್ಳ ನೋಡ್ಲಾಕತ್ತಿದ್ಯಾ!" ಟೊಪ್ಪಿಗೆಯ ದೀಪ ತೋರಿಸಿದ, ತಲೆ ಹೇಗೆ ಹೊರಳಿಸುತ್ತೇನೆಂದು ಮಾಡಿ ತೋರಿಸಿದ, ಮತ್ತೆ ಕೈ ಮುಗಿದು ತಲೆ ಅಲ್ಲಾಡಿಸಿದ. ಪರದೆಯ ಮೇಲೆ ಆಕಾಶವೂ ಭೂಮಿಯೂ ಗರಗರ ತಿರುಗಿದವು.

ಗುರುಜಿಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. "ಎಲ್ಲಿ, ಕೊಡು ನೋಡೋಣು," ಎಂದು ಟೊಪ್ಪಿಗೆ ತಾವೇ ಹಾಕಿಕೊಂಡು ಕುರ್ಚಿಯಲ್ಲಿ ಕೂತರು. ಎಡಕ್ಕೆ ಹೊರಳಿದರು, ರೆಕ್ಕೆ ಕಂಡಿತು. ಗದ್ದ ಎತ್ತಿದರು, ಆಕಾಶ ಕಂಡಿತು. ಎಪ್ಪತ್ತೊಂದು ವರ್ಷದ ಮುದುಕರು ಬಾಯಿ ತೆರೆದುಕೊಂಡು ಬಹಳ ಹೊತ್ತು ಆ ಆಕಾಶವನ್ನೇ ನೋಡಿದರು.

"ಆಗ ಕಿವಿ ಹಿಂಡಬಾರದಿತ್ತೋ ಕೈಲಾಶ," ಅಂದರು ಕೊನೆಗೆ. ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು, ನೆಲದ ಮೇಲಿನ ಕೀಲಿಕೈ ಎತ್ತಿಕೊಂಡರು. "ಹೋಗ್ಲಿ ಬಿಡು. ತಿಳೀದೆ ಹೂಂ ಅಂದದ್ದು ಹೂಂ ಅಲ್ಲ. ಸುಮನ, ಮೇಜ ಅಲ್ಲೇ ಇರ್ಲವಾ, ಹುಡುಗ ಹಾರಲಿ."

ಕೈಲಾಶನಿಗೆ ಕಣ್ಣು ತುಂಬಿ ಬಂತು. ಗುರುಜಿಯ ಕಾಲು ಮುಟ್ಟಬೇಕೆಂದು ಬಗ್ಗಿದ. ಆಗ ಡಬ್ಬಿಗೆ ಒರಗಿದ್ದ ಫೋನಿನಲ್ಲಿ ಕೂಟದ ಸಂದೇಶ ಬಂದ ಸದ್ದಾಯಿತು.

"ನಿಮ್ಮ ನಿರ್ಧಾರಕ್ಕೆ ಗೌರವವಿದೆ. ಜಾಗವನ್ನು ಮುಂದಿನವರಿಗೆ ಕೊಡಲಾಗಿದೆ."

ಕೈಲಾಶ ಜೇಮ್ಸ ಸಾಹೇಬರಿಗೆ ಫೋನು ಹಚ್ಚಿದ. "ಸಾಹೇಬ್ರ, ಯಾಕ್ರಿ? ಪಾಸಾದ್ರಿ ಅಂದಿದ್ರಲ್ಲರಿ!"

"ಪಾಸೇ ಆಗೀರಿ," ಅಂದರು ಜೇಮ್ಸ ಸಾಹೇಬರು. "ಆಮ್ಯಾಲ ನಾ ಕೂಟದ ನಿಯಮ ಕೇಳದ್ಯಾ. ಪ್ರತಿ ರವಿವಾರ ಹತ್ತರಿಂದ ಒಂದರ ತನಕ ತಪ್ಪದೆ ನಮ್ಮ ಜೋಡಿ ಹಾರ್ತೀರೇನು ಅಂತ. ನೀವು ಕೈ ಮುಗದು, ತಲಿ ಅಲ್ಲಾಡಸಿ ಆಗಂಗಿಲ್ಲ ಅಂದ್ರಿ. ನಂಬಿಕಿ ಆಗ್ಲಿಲ್ಲ, ಮೂರು ಸಲ ಕೇಳದ್ಯಾ. ಮೂರೂ ಸಲ ಒಲ್ಲೆ ಅಂದ್ರಿ. ಇನ್ನೊಬ್ಬರು ಆಗಲೇ ಸೇರಿಬಿಟ್ಟಾರ್ರಿ. ಬರೋ ವರ್ಷ ನೋಡೋಣು."

ಕೈಲಾಶ ಫೋನು ಕೆಳಗಿಟ್ಟ. ಸುಮನ ಏನಾಯಿತೆಂದು ಕೇಳಿದಳು, ಹೇಳಿದ. ಶೇವಂತಾಬಾಯಿ ಲೊಚಗುಟ್ಟಿದಳು. ದಸ್ತಗೀರ ಮೆಲ್ಲಗೆ ಹೊರಗೆ ಜಾರಿಕೊಂಡ.

ಬಾಗಿಲ ತನಕ ಹೋಗಿದ್ದ ದತ್ತಾತ್ರಿ ಗುರುಜಿ ಹಿಂದಿರುಗಿ ಬಂದರು. ಕೆಮ್ಮಿದರು. ಕೈಯಲ್ಲಿ ಕೀಲಿಕೈ ಇನ್ನೂ ಇತ್ತು.

"ಕೈಲಾಶ," ಅಂದರು ಮೆತ್ತಗೆ. "ಹಂಗಾದ್ರ ರವಿವಾರ ಹತ್ತರಿಂದ ಒಂದರ ತನಕ ಖಾಲಿನೇ ಇರ್ತೀಯಲ್ಲ?"

ಕೈಲಾಶ ಒಮ್ಮೆ ಕೀಲಿಕೈ ನೋಡಿದ. ಒಮ್ಮೆ ಮೇಜಿನ ಮೇಲೆ ಬಿದ್ದಿದ್ದ ಟೊಪ್ಪಿಗೆ ನೋಡಿದ. ಆಮೇಲೆ, ಬರಿತಲೆಯನ್ನು ನಿಧಾನವಾಗಿ ಕೆಳಗಿಳಿಸಿ ಮೇಲೆತ್ತಿದ.

ಸುಮನ ಸಕ್ಕರೆ ಡಬ್ಬಿಯ ಮುಚ್ಚಳ ಇನ್ನೂ ಹಾಕಿರಲಿಲ್ಲ.