ಅಪ್ಪಯ್ಯನಿಗೆ ನಾವೆಲ್ಲ ಕ್ಷೇಮ

ಅಟ್ಲಾಂಟಾದಲ್ಲಿ ಕೂತುಕೊಂಡೇ ಬೆಲ್ಜಿಯಂನ ಎರಡನೇ ದರ್ಜೆಯ ಫುಟ್‌ಬಾಲ್ ತಂಡವೊಂದನ್ನು ನಡೆಸುತ್ತಿದ್ದ ಮೈಸೂರಿನವರೊಬ್ಬರು ನನಗೆ ಗೊತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ಆ ವಿಷಯ ಆ ತಂಡಕ್ಕೇ ಗೊತ್ತಿರಲಿಲ್ಲ, ಅದು ಬೇರೆ ಮಾತು!

ಅವರು ಸೊಳ್ಳೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದರು. ಹಾಗಾಗಿ ಊರಿನಲ್ಲಿದ್ದ ಎಂಟು ಕನ್ನಡ ಮನೆಗಳಲ್ಲೂ ಅವರಿಗೆ ಸೊಳ್ಳೆ ಡಾಕ್ಟ್ರು ಎಂದೇ ಹೆಸರು. ನನ್ನ ಯಜಮಾನರಂಥ ಮಿಕ್ಕ ಡಾಕ್ಟರುಗಳು ಮನುಷ್ಯರನ್ನು ನೋಡುವವರು. ಇದು ಎಪ್ಪತ್ತರ ದಶಕದ ಮಾತು. ಆಗಲೇ ಅವರಿಗೆ ನಲವತ್ತೈದು ದಾಟಿತ್ತು, ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದರೆ ಟೈಮ್ ಆಗಲಿಲ್ಲ ಎನ್ನುತ್ತಿದ್ದರು, ಬಸ್ಸು ತಪ್ಪಿಸಿಕೊಂಡವರ ಹಾಗೆ.

ಶನಿವಾರಗಳನ್ನು ಅವರು ಯೂನಿವರ್ಸಿಟಿಯ ಲೈಬ್ರರಿಯಲ್ಲಿ ಕಳೆಯುತ್ತಿದ್ದರು. ಓದುವುದಕ್ಕಲ್ಲ, ಅಲ್ಲಿ ಜನ ಇರುತ್ತಿದ್ದರು ಎಂದು. ಭಾನುವಾರ ನಮ್ಮ ಮನೆಗೆ ಸಾರು ಅನ್ನಕ್ಕೆ ಬರುತ್ತಿದ್ದರು. ಅಂಥದೊಂದು ಭಾನುವಾರ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ, ಬೆಲ್ಜಿಯಂನಲ್ಲಿ ನಮ್ಮವನೊಬ್ಬ ಸಿಕ್ಕಿದ್ದಾನೆ ಎಂದರು. ಲೈಬ್ರರಿಗೆ ಎರಡು ವಾರ ತಡವಾಗಿ ಬರುವ ಫ್ರೆಂಚ್ ಪತ್ರಿಕೆಯೊಂದರ ಫಲಿತಾಂಶದ ಪುಟದಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಗೋಲು ಹೊಡೆದವನ ಹೆಸರು ಅಪ್ಪಯ್ಯ ಎಂದಿತ್ತಂತೆ!

"ಅಪ್ಪಯ್ಯ ಅಂದ್ಮೇಲೆ ಇನ್ನೇನಮ್ಮ, ವಿರಾಜಪೇಟೆ ಕಡೆಯವನೇ. ಕೊಡಗಿನವರೆಲ್ಲ ಹಾಕಿ ಆಡ್ತಾರೆ. ಇವನು ಸ್ಟಿಕ್ ಬಿಟ್ಟು ಕಾಲಲ್ಲಿ ಆಡ್ತಿದಾನೆ, ಅಷ್ಟೆ."

ಅವರು ಬರೆದುಕೊಂಡು ಬಂದಿದ್ದ ಚೀಟಿ ನೋಡಿ ನನ್ನ ಯಜಮಾನರು, ಸ್ಪೆಲಿಂಗಿನಲ್ಲಿ ಒಂದು ಅಕ್ಷರ ಕಡಿಮೆ ಇದೆಯಲ್ಲ ಎಂದು ಅನುಮಾನಪಟ್ಟರು. ಚಳಿ ದೇಶ, ಒಂದಕ್ಷರ ಉದುರಿರುತ್ತೆ ಎಂದು ಡಾಕ್ಟ್ರು ತೀರ್ಪು ಕೊಟ್ಟರು. ಅಲ್ಲಿಂದ ಮೂರು ವರ್ಷ ನಮ್ಮ ಮನೆಯ ಊಟ ಅಪ್ಪಯ್ಯನ ಕಾಲಿನ ಮೇಲೆ ನಿಂತಿತು.

ಮೊದಲ ವರ್ಷ ಅವನನ್ನು ಆಡಿಸಿದ್ದಕ್ಕಿಂತ ಕೂರಿಸಿದ್ದೇ ಹೆಚ್ಚು. ಆ ಭಾನುವಾರಗಳಲ್ಲಿ ಡಾಕ್ಟ್ರ ಮುಖ ಸಪ್ಪಗೆ. ಈ ವಾರಾನೂ ಬೆಂಚು ಎನ್ನುತ್ತಿದ್ದರು. ಬೆಂಚಿನ ಮೇಲೆ ನಿಲ್ಲಿಸಿದರಾ, ಹೋಮ್‌ವರ್ಕ್ ಮಾಡಿರಲಿಲ್ಲವಾ ಎಂದು ನಾನು ಕೇಳಿದರೆ ಅನ್ನ ಬಿಟ್ಟು ಏಳುವುದೊಂದು ಬಾಕಿ. ಎರಡನೇ ವರ್ಷ ಅಪ್ಪಯ್ಯ ಗೋಲಿನ ಮೇಲೆ ಗೋಲು ಹೊಡೆದ. ಗೋಲು ಹೊಡೆದ ವಾರ ಡಾಕ್ಟ್ರು ಕೇಕು ತರುತ್ತಿದ್ದರು. ಅಲ್ಲಿ ಅವನು ಗೆದ್ದು, ಗೆದ್ದದ್ದನ್ನು ಮರೆತು, ಮುಂದಿನ ಆಟ ಸೋತು ತಲೆ ಮೇಲೆ ಕೈ ಹೊತ್ತಿರುತ್ತಿದ್ದ. ಎರಡು ವಾರದ ಹಳೆಯ ಸಂತೋಷಕ್ಕೆ ಇಲ್ಲಿ ನಾವು ಕೇಕು ತಿನ್ನುತ್ತಿದ್ದೆವು. ತಂಡ ಮೊದಲನೇ ದರ್ಜೆಗೆ ಏರಿದಾಗಂತೂ ಡಾಕ್ಟ್ರು ಲ್ಯಾಬಿಗೆ ರಜೆ ಹಾಕಿದರು. ಕಾರಣ ಏನು ಬರೆದರೋ, ಸೊಳ್ಳೆಗಳೇ ಹೇಳಬೇಕು.

ಅಪ್ಪಯ್ಯನಿಗಾಗಿಯೇ ಅವರು ನಿಘಂಟು ಇಟ್ಟುಕೊಂಡು ಫ್ರೆಂಚ್ ಕಲಿತರು. ಕಲಿತದ್ದೆಲ್ಲ ಆಟದ ಪುಟದ ಫ್ರೆಂಚ್. ಒಮ್ಮೆ ಪ್ಯಾರಿಸಿನಿಂದ ಹಿರಿಯ ವಿಜ್ಞಾನಿಯೊಬ್ಬರು ಲ್ಯಾಬಿಗೆ ಬಂದಾಗ, ಭಾಷೆ ಬಲ್ಲವರೆಂದು ಇವರನ್ನೇ ಸ್ವಾಗತಕ್ಕೆ ನಿಲ್ಲಿಸಿದರು. ಇವರು ಕೈ ಕುಲುಕಿ, ತಮಗೆ ಗೊತ್ತಿದ್ದುದರಲ್ಲಿ ಅತ್ಯಂತ ಮರ್ಯಾದೆಯ ವಾಕ್ಯವನ್ನೇ ಆರಿಸಿ, ನಿಮ್ಮ ಎಡಮಂಡಿ ಈಗ ಹೇಗಿದೆ ಎಂದು ಕೇಳಿದರು. ಆ ಮುದುಕರು ಬೆರಗಾಗಿ, ಇದು ನಿಮಗೆ ಯಾರು ಹೇಳಿದರು ಎಂದರಂತೆ. ಅವರಿಗೆ ನಿಜವಾಗಿಯೂ ಎಡಮಂಡಿ ನೋವಿತ್ತು!

ನನಗೆ ಕಾರು ಕಲಿಸಿದವರೂ ಇವರೇ. ಬ್ರೇಕು, ಗೇರು ಎಂಬ ಮಾತೇ ಇಲ್ಲ. ಲೇನ್ ಬದಲಿಸುವಾಗ "ಅಪ್ಪಯ್ಯನ ಥರ ನುಗ್ಗಿ," ನಿಲ್ಲಿಸುವಾಗ "ಬೆಂಚು, ಬೆಂಚು!" ಹೀಗೆ ಕಲಿತು ನಾನು ಮೊದಲ ಸಲಕ್ಕೇ ಲೈಸೆನ್ಸ್ ಪಡೆದೆ. ಮನೆಯೊಳಗೆ ಕೂತು ಕೂತು ಗೋಡೆಯ ಜೊತೆ ಮಾತಾಡುವ ಹಂತಕ್ಕೆ ಬಂದಿದ್ದವಳಿಗೆ ಅದು ಎಷ್ಟು ದೊಡ್ಡದೆಂದು, ಕಾರಿಲ್ಲದೆ ಹಾಲೂ ಸಿಗದ ಈ ಊರಿನಲ್ಲಿದ್ದವರಿಗೇ ಗೊತ್ತು.

ಇನ್ನು ಪತ್ರಗಳು. ತಂಡದ ವಿಳಾಸ ಹುಡುಕಿ ತೆಗೆದು, ತಿಂಗಳಿಗೊಂದರಂತೆ ಡಾಕ್ಟ್ರು ಅಪ್ಪಯ್ಯನಿಗೆ ಬರೆಯುತ್ತಿದ್ದರು. ಅಚ್ಚ ಕನ್ನಡದಲ್ಲಿ! ನಮ್ಮವನಿಗೆ ಯಾರಾದರೂ ಇಂಗ್ಲಿಷಿನಲ್ಲಿ ಬರೆಯುತ್ತಾರೆಯೇ? ಒಂದನ್ನು ನನಗೆ ಓದಲು ಕೊಟ್ಟಿದ್ದರು. "ಚಿರಂಜೀವಿ ಅಪ್ಪಯ್ಯನಿಗೆ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆಯುವುದು. ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಆಡು." ನನಗೆ ನಗು ತಡೆಯಲಾಗಲಿಲ್ಲ.

"ನಾವೆಲ್ಲ ಅಂದ್ರೆ ಯಾರು ಡಾಕ್ಟ್ರೇ? ನೀವೂ ನಿಮ್ಮ ಸೊಳ್ಳೆಗಳೂ?"

ಅವರೂ ನಕ್ಕರು. ಆಮೇಲೆ ಸಂಕೋಚದಿಂದ, ಲಕೋಟೆಯ ಮೇಲೆ ನಿಮ್ಮ ಮನೆ ಅಡ್ರೆಸ್ ಹಾಕ್ತಾ ಇದ್ದೀನಿ, ಪರವಾಗಿಲ್ಲವಾ ಎಂದು ಕೇಳಿದರು. ಅಪಾರ್ಟ್‌ಮೆಂಟ್ ನಂಬರ್ ನೋಡಿದರೆ ಒಂಟಿ ಮನುಷ್ಯ ಅಂತ ಹುಡುಗನಿಗೆ ಗೊತ್ತಾಗಿಬಿಡುತ್ತೆ ಎಂಬುದು ಅವರ ಚಿಂತೆ. ನಾನು ಆಗಲಿ ಎಂದೆ. ಉತ್ತರ ಒಂದೂ ಬರಲಿಲ್ಲ. ಆದರೂ ಪ್ರತಿ ಭಾನುವಾರ ಒಳಗೆ ಬರುವ ಮುಂಚೆ ನಮ್ಮ ಮೇಲ್‌ಬಾಕ್ಸ್ ತೆರೆದು ನೋಡುತ್ತಿದ್ದರು, ಭಾನುವಾರ ಟಪಾಲು ಬರುವುದಿಲ್ಲವೆಂದು ಗೊತ್ತಿದ್ದೂ.

ಮೂರನೇ ವರ್ಷ ಅಪ್ಪಯ್ಯನ ಮಂಡಿ ಹೋಯಿತು. ವರದಿಯಲ್ಲಿ ಎರಡೇ ಸಾಲು. ಡಾಕ್ಟ್ರು ನನ್ನ ಯಜಮಾನರನ್ನು ಕೂರಿಸಿಕೊಂಡು ಮಂಡಿಯ ಚಿತ್ರ ಬರೆಸಿದರು, ಎಷ್ಟು ತಿಂಗಳು ಬೇಕು, ಮತ್ತೆ ಓಡುತ್ತಾನಾ ಎಂದು ಕೇಳಿದರು. ಆಮೇಲೆ ತಿಂಗಳಿಗೊಂದು ಇದ್ದ ಪತ್ರ ವಾರಕ್ಕೊಂದಾಯಿತು.

ಅದೇ ಸಮಯಕ್ಕೆ ಅವರು ಸೊಳ್ಳೆ ಹಿಡಿಯಲು ಕ್ಯಾರೊಲೈನಾ ಕಡೆ ಹೋದರು. ಅವರ ಬದಲಿಗೆ ನಾನೇ ಡ್ರೈವ್ ಮಾಡಿಕೊಂಡು ಲೈಬ್ರರಿಗೆ ಹೋಗಿ ಪತ್ರಿಕೆ ನೋಡಿದೆ. ಈ ಸಲ ಫೋಟೊ ಇತ್ತು. ಆಸ್ಪತ್ರೆಯ ಮಂಚದ ಮೇಲೆ ಕಾಲಿಗೆ ಕಟ್ಟು ಹಾಕಿಸಿಕೊಂಡು ನಗುತ್ತಿದ್ದ ಹುಡುಗ. ಕೆಳಗೆ ಹೆಸರು, ಊರು. ಊರು ವಿರಾಜಪೇಟೆಯಲ್ಲ, ಪಶ್ಚಿಮ ಆಫ್ರಿಕಾದ ಘಾನಾ. ಅಪ್ಪಯ್ಯ ಅಲ್ಲಿನವರದೂ ಹೆಸರೇ ಅಂತೆ!

ಇಲ್ಲಿ ನನ್ನ ತಪ್ಪು ಹೇಳಿಕೊಳ್ಳಬೇಕು. ಆ ಪುಟದ ಕಾಪಿ ಮಾಡಿಸಿಕೊಂಡು ಬಂದವಳು ಅದನ್ನು ಅವರ ಕೈಗೆ ಸದ್ದಿಲ್ಲದೆ ಕೊಡಬಹುದಿತ್ತು. ನಾನು ಯುಗಾದಿಯವರೆಗೂ ಬಚ್ಚಿಟ್ಟೆ. ಎಂಟು ಮನೆಯವರೂ ಒಬ್ಬಟ್ಟು ತಿನ್ನುತ್ತ ಕೂತಿದ್ದಾಗ ಎತ್ತಿ ಹಿಡಿದು, ಡಾಕ್ಟ್ರ ವಿರಾಜಪೇಟೆ ಹುಡುಗನನ್ನು ಎಲ್ಲರೂ ನೋಡಿ ಎಂದೆ. ನಗುವೋ ನಗು. ಯಾರೋ ಬಣ್ಣದ ಬಗ್ಗೆ ಒಂದು ಮಾತೂ ಆಡಿದರು, ಅದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೂ ನಕ್ಕೆವು. ಡಾಕ್ಟ್ರು ಫೋಟೊವನ್ನು ಬಹಳ ಹೊತ್ತು ನೋಡಿದರು.

"ಮಂಡಿಗೆ ಆಪರೇಷನ್ ಮಾಡಿದಾರೆ, ಪಾಪ," ಎಂದರು.

ಎದ್ದು ಹೋದವರು ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಫೋನ್ ಮಾಡಿದರೆ ಕೆಲಸ ಇದೆ ಎಂದರು. ನಾನು ಸಾರಿಗೆ ಒಗ್ಗರಣೆ ಹಾಕುವಾಗಲೆಲ್ಲ ನಾಚಿಕೆಯಾಗುತ್ತಿತ್ತು. ಇಷ್ಟು ದೊಡ್ಡ ದೇಶದಲ್ಲಿ ಆ ಮನುಷ್ಯನಿಗೆ ಇದ್ದವನು ಒಬ್ಬ ಅಪ್ಪಯ್ಯ. ಅವನನ್ನೂ ನಾನು ಕಿತ್ತುಕೊಂಡಿದ್ದೆ.

ಆರು ವಾರದ ಮೇಲೆ ನಮ್ಮ ಮೇಲ್‌ಬಾಕ್ಸಿಗೆ ಬೆಲ್ಜಿಯಂನ ಸ್ಟಾಂಪಿದ್ದ ಲಕೋಟೆ ಬಂತು. ಯಜಮಾನರು ಆಸ್ಪತ್ರೆಯಿಂದ ಬರುವವರೆಗೂ ಕಾಯದೆ ಕಾರು ತೆಗೆದೆ. ಡಾಕ್ಟ್ರ ಅಪಾರ್ಟ್‌ಮೆಂಟಿನಲ್ಲಿ ಒಂದೇ ಕುರ್ಚಿ ಇತ್ತು. ಅದರಲ್ಲಿ ನನ್ನನ್ನು ಕೂರಿಸಿ, ಕಾಗದ ನನ್ನ ಕೈಗೇ ಕೊಟ್ಟು, ಓದಿ ಎಂದರು. ಇಂಗ್ಲಿಷಿನಲ್ಲಿತ್ತು. ಅದರ ಸಾರಾಂಶ ಇಷ್ಟು:

"ಮಾನ್ಯರೇ, ನಿಮ್ಮ ಕಾಗದಗಳೆಲ್ಲ ತಲುಪಿವೆ. ಯಾವ ಭಾಷೆಯೆಂದು ಇಲ್ಲಿ ಯಾರಿಗೂ ತಿಳಿಯಲಿಲ್ಲ, ಅದಕ್ಕೇ ಉತ್ತರ ತಡವಾಯಿತು. ನನಗೆ ಈ ಊರಿನ ಫ್ರೆಂಚ್ ಕೂಡ ಸರಿಯಾಗಿ ಬರುವುದಿಲ್ಲ. ಇನ್ನು ಆಡಲಾರೆ ಎಂದು ಡಾಕ್ಟರು ಹೇಳಿದ್ದಾರೆ. ಆಸ್ಪತ್ರೆಯಲ್ಲಿದ್ದಾಗ ನನಗೆ ಬಂದ ಕಾಗದಗಳು ನಿಮ್ಮವು ಮಾತ್ರ. ನರ್ಸು ಆ ದುಂಡು ಅಕ್ಷರ ನೋಡಿ, ನಿನ್ನ ಮನೆಯಿಂದ ಬಂದವೇ ಎಂದು ಕೇಳಿದಳು. ಹೌದು ಎಂದುಬಿಟ್ಟೆ. ಕ್ಷಮಿಸಿ. ಅದರಲ್ಲಿ ಏನು ಬರೆದಿದೆ ಎಂದು ತಿಳಿಸುತ್ತೀರಾ?"

ಡಾಕ್ಟ್ರು ಕಿಟಕಿಯ ಕಡೆ ತಿರುಗಿ ನಿಂತಿದ್ದರು. ನನಗೂ ಅಕ್ಷರ ಕಾಣದಾಗಿತ್ತು. ಯುಗಾದಿಯ ದಿನ ಹಾಗೆ ಮಾಡಬಾರದಿತ್ತು ಎಂದೆ. ಅವರು ಪೆನ್ನು ಹುಡುಕಿ ತಂದರು. ಅಡಿಗೆಮನೆಯ ಕಟ್ಟೆಯ ಮೇಲೆ ಹಾಳೆ ಹರಡಿ, ನಿಂತುಕೊಂಡೇ ಬರೆಯತೊಡಗಿದರು. ಒಂದು ಸಾಲು ಕನ್ನಡ, ಅದರ ಕೆಳಗೆ ಅದರ ಇಂಗ್ಲಿಷು. ಚಿರಂಜೀವಿ ಅಪ್ಪಯ್ಯನಿಗೆ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ಅಲ್ಲಿಗೆ ಬಂದು ಪೆನ್ನು ನಿಂತಿತು.

"ನೀವೂ ಒಂದು ಸೈನ್ ಹಾಕಿಬಿಡಿ," ಎಂದರು, ನನ್ನ ಮುಖ ನೋಡದೆ. "ನಾವೆಲ್ಲ ಅಂತ ಬರೆದಿದ್ದೀನಲ್ಲ."

ನಾನು ಪೆನ್ನು ತೆಗೆದುಕೊಂಡೆ. ನನ್ನ ಹೆಸರು ಬರೆದೆ, ಯಜಮಾನರ ಹೆಸರು ಬರೆದೆ. ಆಮೇಲೆ, ಯುಗಾದಿಯ ದಿನ ಆ ಮಾತಿಗೆ ನಕ್ಕಿದ್ದ ಮಿಕ್ಕ ಏಳು ಮನೆಯವರ ಹೆಸರನ್ನೂ ಒಂದೊಂದಾಗಿ, ದುಂಡಗೆ, ಕನ್ನಡದಲ್ಲಿ ಬರೆದೆ.