ಬಾಯಿ ಬಿಟ್ಟವರ ತೋಳಪಟ್ಟಿ

ಅಂದು ಬೆಳಗ್ಗೆ ತಕ್ಕಡಿ ಸಾಹೇಬರು ದಿನವಿಡೀ ಬಾಯಿ ಬಿಡುವುದಿಲ್ಲವೆಂದು ಕನ್ನಡಿಯ ಮುಂದೆ ನಿಂತು ಶಪಥ ಮಾಡಿಯೇ ಮನೆ ಬಿಟ್ಟಿದ್ದರು. ಆ ಶಪಥ ಮೈದಾನದ ಗೇಟಿನವರೆಗೆ ಬಾಳಿತು. ಅಲ್ಲಿ ಯಾರೋ ಮಹಾನುಭಾವರು ಗೇಟಿಗೆ ಅಡ್ಡಲಾಗಿ ಒಂದು ಬಿಳಿ ಕಾರು ನಿಲ್ಲಿಸಿ, ಕನ್ನಡಿಗಳನ್ನು ಅಚ್ಚುಕಟ್ಟಾಗಿ ಮಡಚಿ, ಎತ್ತಲೋ ಹೋಗಿಬಿಟ್ಟಿದ್ದರು. ಹೆಂಗಸರು ಮಕ್ಕಳು ಕಾರಿಗೂ ಗೋಡೆಗೂ ನಡುವೆ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನುಸುಳುತ್ತಿದ್ದರು. ಒಬ್ಬರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಸಾಹೇಬರಿಗೆ ಮೈ ಉರಿಯಿತು. "ಯಾರ್ರೀ ಇದು, ಗೇಟಿಗೇ ಕಾರು ನಿಲ್ಲಿಸಿರೋದು? ಇಲ್ಲಿ ಗಾಡಿಗಳನ್ನ ನೋಡ್ಕೊಳ್ಳೋರು ಯಾರೂ ಇಲ್ವಾ?"

"ಈಗ ಇದಾರೆ," ಎಂದಿತು ಬೆನ್ನ ಹಿಂದಿನಿಂದ ಒಂದು ತಣ್ಣನೆಯ ದನಿ. ಸಾಹೇಬರು ತಿರುಗುವಷ್ಟರಲ್ಲಿ ಅವರ ಎಡತೋಳಿಗೆ ಕೆಂಪು ಪಟ್ಟಿಯೊಂದು ಬಿದ್ದು, ಗಂಟೂ ಬಿಗಿದಾಗಿತ್ತು.

ಬಿಗಿದವರು ಹೆಡ್‌ಮಿಸ್. ನಿವೃತ್ತ ಮುಖ್ಯೋಪಾಧ್ಯಾಯಿನಿ, ಬಡಾವಣೆಯ ಸಂಘಕ್ಕೆ ಅಧ್ಯಕ್ಷೆ. ಬಡಾವಣೆಯ ವಾರ್ಷಿಕ ಕೂಟವೆಂದರೆ ಸಾವಿರಾರು ಜನ ಸೇರುವ ಜಾತ್ರೆಯಂಥ ಗದ್ದಲ. ಕಳೆದ ವರ್ಷದ ಕೂಟಕ್ಕೆ ಸಲಹೆ ಕೊಡಲು ಊರೆಲ್ಲ ಬಂದು, ಕೈಜೋಡಿಸಲು ಒಬ್ಬರೂ ಬಾರದೆ, ಹೆಡ್‌ಮಿಸ್ ಒಬ್ಬರೇ ಕುರ್ಚಿ ಹೊತ್ತಿದ್ದರು. ಆ ಸಿಟ್ಟಿಗೆ ಈ ಸಲ ಸಭೆಯಲ್ಲಿ ಒಂದು ನಿಯಮ ಮಾಡಿಸಿಕೊಂಡರು: ಯಾವ ಕೆಲಸದಲ್ಲಿ ಯಾರು ಕುಂದು ಎತ್ತುತ್ತಾರೋ ಆ ಕೆಲಸ ಅವರದೇ. ತೋಳಿಗೆ ಬಿದ್ದ ಪಟ್ಟಿ ಬಿಚ್ಚಬೇಕಾದರೆ ಅದೇ ಕೆಲಸದ ಬಗ್ಗೆ ಇನ್ನೊಬ್ಬರು ದೂರಬೇಕು. ಆ ಸಭೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದವರಲ್ಲಿ ತಕ್ಕಡಿ ಸಾಹೇಬರೇ ಮೊದಲಿಗರು. ನಿಯಮ ಬೇರೆಯವರಿಗೆ ಎಂದು ಅವರು ತಿಳಿದಿದ್ದರು.

"ಮೇಡಂ, ಇವತ್ತೊಂದು ದಿನ ನನ್ನ ಬಿಟ್ಬಿಡಿ," ಎಂದು ಸಾಹೇಬರು ಗೋಗರೆದರು. "ಸಂಜೆ ನಮ್ಮನೆಯವಳ ನಾಟಕ ಇದೆ. ಮುಂದಿನ ಸಾಲಲ್ಲಿ ಕೂತ್ಕೊಳ್ತೀನಿ ಅಂತ ಮಾತು ಕೊಟ್ಟಿದೀನಿ."

"ಸಂಜೆ ತಾನೇ? ಅಷ್ಟರಲ್ಲಿ ಯಾರಾದ್ರೂ ಪುಣ್ಯಾತ್ಮರು ದೂರ್ತಾರೆ ಬಿಡಿ," ಎಂದು ಹೆಡ್‌ಮಿಸ್ ಕೈಚೀಲದ ಜಿಪ್ಪು ಎಳೆದುಕೊಂಡು ನಡೆದರು.

ಸಾಹೇಬರ ಹೆಂಡತಿ ಮದುವೆಗೆ ಮೊದಲು ಕಾಲೇಜಿನಲ್ಲಿ ನಾಟಕವಾಡಿದವರು. ಮದುವೆಯಾದ ಮೇಲೆ ಬಣ್ಣ ಹಚ್ಚಿರಲಿಲ್ಲ. ಈಗ ಮಗಳೂ ಕೆಲಸಕ್ಕೆ ಸೇರಿದ ಮೇಲೆ ಮತ್ತೆ ಮನಸ್ಸು ಮಾಡಿದ್ದರು. ಒಂದು ತಿಂಗಳಿಂದ ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುವುದಕ್ಕೂ ಅವರ ಮಾತು ಸಿಡಿಯುವುದಕ್ಕೂ ತಾಳ ಕೂಡಿತ್ತು. ನಾಟಕದ ಕತೆ ಇಷ್ಟೇ: ಮೂರು ಹೊತ್ತೂ ಗೊಣಗುವ ಗಂಡನೊಬ್ಬನ ಜೊತೆ ಏಗಿ ಏಗಿ ಸಾಕಾದ ಹೆಂಡತಿ, ಕೊನೆಗೆ ಸೂಟ್‌ಕೇಸ್ ಹಿಡಿದು ಬಾಗಿಲಿಗೆ ಬಂದು ನಿಂತು, ಹಿಂದಕ್ಕೆ ತಿರುಗಿ ಒಂದು ಮಾತು ಹೇಳುತ್ತಾಳೆ. ಹೋಗುತ್ತಾಳೋ ಉಳಿಯುತ್ತಾಳೋ ಎಂಬುದು ಆ ಮಾತಿನಲ್ಲಿದೆ. ಆ ಮಾತನ್ನು ಮಾತ್ರ ಅವರು ಮನೆಯಲ್ಲಿ ಆಡಿ ತೋರಿಸಿರಲಿಲ್ಲ.

"ಅದನ್ನ ಅಲ್ಲೇ ಕೇಳಿ," ಎಂದಿದ್ದರು. "ಮುಂದಿನ ಸಾಲು, ಎಡಗಡೆಯಿಂದ ಮೂರನೇ ಕುರ್ಚಿ. ಆ ಮಾತು ಬರೋ ಹೊತ್ತಿಗೆ ನನಗೆ ಕೈಕಾಲು ನಡುಗುತ್ತೆ ರೀ. ನಿಮ್ಮ ಮುಖ ನೋಡ್ಕೊಂಡು ಹೇಳ್ಬಿಡ್ತೀನಿ. ಅದಕ್ಕೇ ಇವತ್ತೊಂದು ದಿನ ಯಾರ ತಂಟೆಗೂ ಹೋಗ್ಬೇಡಿ."

ತಂಟೆಗೆ ಹೋಗದೆ ಇರುವುದು ಸಾಹೇಬರ ಜಾಯಮಾನವಲ್ಲ. ಅವರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಪ್ಪು ಹುಡುಕುವುದೇ ಅವರ ಅನ್ನದ ದಾರಿ. ಆ ಕಣ್ಣನ್ನು ರಜೆಯ ದಿನ ಬಿಚ್ಚಿಟ್ಟು ಬರಲಾಗುತ್ತದೆಯೇ?

ಬಿಸಿಲಿನಲ್ಲಿ ನಿಂತು, ತೋಳು ಬೀಸಿ ಬೀಸಿ ಗಾಡಿಗಳನ್ನು ಸಾಲಾಗಿ ನಿಲ್ಲಿಸುವ ಹೊತ್ತಿಗೆ ಸಾಹೇಬರ ಗಂಟಲು ಒಣಗಿತು. ನೀರಿನ ಮೇಜಿಗೆ ಹೋದರು. ಅಲ್ಲಿ ಸಾಲಾಗಿಟ್ಟ ಕ್ಯಾನುಗಳ ಮೇಲೆ ಇಪ್ಪತ್ತು ಲೀಟರೆಂದು ಬರೆದಿತ್ತು. ಸಾಹೇಬರು ನೀರು ಕುಡಿಯಲಿಲ್ಲ. ಬಗ್ಗಿ ಕ್ಯಾನಿನ ಕತ್ತು ನೋಡಿದರು, ಬೆರಳಿನಿಂದ ಕುಟ್ಟಿದರು.

"ಇದು ಇಪ್ಪತ್ತು ಲೀಟರಾ? ಹದಿನೆಂಟಕ್ಕೆ ಒಂದು ತೊಟ್ಟು ಹೆಚ್ಚಿದ್ರೆ ನನ್ನ ಮೀಸೆ ಬೋಳಿಸ್ತೀನಿ! ಯಾರ ಕಿವಿಗೆ ಹೂವಿಡ್ತಿದೀರಿ? ಈ ನೀರಿನ ಏರ್ಪಾಟು ಮಾಡಿದೋರು ಯಾರು?"

ನೀಲಿ ಪಟ್ಟಿ ಬಿತ್ತು. ಹೆಡ್‌ಮಿಸ್ ಅಲ್ಲಿಗೆ ಹೇಗೆ ಬಂದರೋ ದೇವರೇ ಬಲ್ಲ.

ನೀರು ಹಂಚುತ್ತ, ನಡುನಡುವೆ ಓಡಿಹೋಗಿ ಗಾಡಿ ನಿಲ್ಲಿಸುತ್ತ ಸಾಹೇಬರು ಹಲ್ಲು ಕಚ್ಚಿಕೊಂಡಿದ್ದರು. ಆದರೆ ಮೈಕಿನಲ್ಲಿ ಯಾರೋ ಕೂಗತೊಡಗಿದರು: "ಒಂದು ಮಗು ಸಿಕ್ಕಿದೆ. ಮೂಗು ಸುರೀತಿದೆ. ಅಮ್ಮ ಬೇಕು ಅಂತಿದೆ. ಸಂಬಂಧಪಟ್ಟವರು ಬಂದು ಕರ್ಕೊಂಡು ಹೋಗ್ಬೇಕು." ಒಂದು ಸಲವಲ್ಲ, ಹತ್ತು ಸಲ. ಸಾಹೇಬರು ಕಿವಿ ಮುಚ್ಚಿಕೊಂಡರು. ಹನ್ನೊಂದನೆಯ ಸಲಕ್ಕೆ ಮುಚ್ಚಿದ ಕೈ ತಾನಾಗಿಯೇ ಇಳಿಯಿತು.

"ಅಲ್ಲಾ ಸ್ವಾಮಿ, ಈ ಮೈದಾನದಲ್ಲಿ ಮೂಗು ಸುರಿಯದ ಮಗು ಯಾವುದಿದೆ? ಅಮ್ಮ ಬೇಡ ಅನ್ನೋ ಮಗು ಯಾವುದಿದೆ? ಗುರುತು ಹೇಳೋ ರೀತೀನಾ ಇದು?"

ಹಳದಿ ಪಟ್ಟಿ. ಕಳೆದುಹೋದ ಮಕ್ಕಳ ಶಾಮಿಯಾನವೂ ಅವರ ಪಾಲಿಗೆ ಬಂತು. ಅಲ್ಲಿ ಬಿಸ್ಕತ್ತು ಕೊಡುತ್ತಾರೆಂಬ ಸುದ್ದಿ ಹಬ್ಬಿ, ಅಪ್ಪ ಅಮ್ಮಂದಿರ ಕೈ ಹಿಡಿದಿದ್ದ ಮಕ್ಕಳೂ ಕೈ ಬಿಡಿಸಿಕೊಂಡು ಬಂದು ಕಳೆದುಹೋಗತೊಡಗಿದವು. ಸಾಹೇಬರ ತೋಳು ಬಳೆ ಅಂಗಡಿಯ ಗೂಟದಂತಾಗಿತ್ತು. ಹೋದವರು ಬಂದವರೆಲ್ಲ ನೋಡಿ ನಗುತ್ತಿದ್ದರು, ಬಾಯಿ ಮಾತ್ರ ಯಾರೂ ಬಿಡುತ್ತಿರಲಿಲ್ಲ. ಇದೆಂಥ ಜನ! ಕೆಲಸ ಮಾಡುವವನಿಗೆ ಒಂದು ಒಳ್ಳೆಯ ಮಾತಿಲ್ಲ, ಕೊನೆಗೆ ಒಂದು ಕೆಟ್ಟ ಮಾತಾದರೂ ಆಡಿ ಪುಣ್ಯ ಕಟ್ಟಿಕೊಳ್ಳಬಾರದೇ ಎಂದು ಸಾಹೇಬರು ಒಳಗೊಳಗೇ ಕುದಿದರು.

ಬಿಸಿಲು ಇಳಿಯಿತು. ರಂಗದ ಮುಂದೆ ಕುರ್ಚಿ ಹಾಕುವ ಸದ್ದು ಕೇಳಿಸಿತು. ಆಗ ಸಾಹೇಬರ ತಲೆಗೆ ಹೊಳೆಯಿತು. ಜನ ತಾವಾಗಿ ದೂರದಿದ್ದರೆ ಏನಂತೆ, ದೂರುವಂತೆ ಮಾಡಬಹುದಲ್ಲ!

ಮಕ್ಕಳ ಶಾಮಿಯಾನ ಸುಲಭಕ್ಕೆ ಹೋಯಿತು. ಮೂಲೆಮನೆಯ ಅಜ್ಜಿ ಹತ್ತಿರ ಬರುವುದನ್ನು ನೋಡಿಕೊಂಡು ಸಾಹೇಬರು ಬಿಸ್ಕತ್ತನ್ನು ಅರ್ಧರ್ಧ ಮುರಿದು ಹಂಚತೊಡಗಿದರು. ಅಜ್ಜಿ ಕೆಂಡವಾದರು.

"ಏನಪ್ಪಾ ನೀನು, ಹಸಿದ ಮಕ್ಕಳಿಗೆ ಅರ್ಧ ಬಿಸ್ಕತ್ತಾ? ನಿನ್ನ ಕೈ ಸೇದಿಹೋಗ!"

"ತಗೊಳ್ಳಿ ಅಜ್ಜಿ," ಎಂದು ಸಾಹೇಬರು ಹಳದಿ ಪಟ್ಟಿಯನ್ನು ಭಕ್ತಿಯಿಂದ ಒಪ್ಪಿಸಿದರು.

ನೀರಿನ ಮೇಜಿಗೆ ಹಲ್ಲಿನ ಡಾಕ್ಟರು ಬಂದರು. ದಿನವಿಡೀ ಊರವರ ಬಾಯಿ ಬಿಡಿಸುವವರ ಬಾಯಿಯನ್ನು ಈಗ ಸಾಹೇಬರು ಬಿಡಿಸಬೇಕಾಗಿತ್ತು. ಲೋಟದಲ್ಲಿ ಎರಡು ಗುಟುಕು ನೀರು ಕೊಟ್ಟರು. ಡಾಕ್ಟರು ಕುಡಿದು ನಕ್ಕರು. ಬಿಸಿಲಿಗೆ ಕಾದ ಕ್ಯಾನಿನಿಂದ ಕೊಟ್ಟರು. ಡಾಕ್ಟರು "ಬಿಸಿನೀರು ವಸಡಿಗೆ ಒಳ್ಳೇದು" ಎಂದರು. ಕೊನೆಗೆ ಸಾಹೇಬರು, "ನೀರು ಯಾಕೆ ಸಾರ್, ಮಕ್ಕಳಿಗೆಲ್ಲ ಸಕ್ಕರೆ ಪಾನಕ ಇಡೋಣ ಅಂತಿದೀನಿ. ಹಲ್ಲಿಗೆ ಏನೂ ಆಗಲ್ಲ ಬಿಡಿ," ಎಂದರು.

"ಏನೂ ಆಗಲ್ವಾ? ಬುದ್ಧಿ ಇದೆಯೇನ್ರೀ ನಿಮಗೆ? ಇಂಥೋರ ಕೈಗೆ ಯಾರ್ರೀ ಇದನ್ನ ಕೊಟ್ಟದ್ದು!" ಎಂದು ಡಾಕ್ಟರು ಹಾರಾಡಿದರು. ನೀಲಿ ಪಟ್ಟಿ ಅವರ ತೋಳಿಗೇರಿತು.

ಉಳಿದದ್ದು ಗಾಡಿಗಳ ಪಟ್ಟಿ. ಅಷ್ಟರಲ್ಲಿ ಟೇಲರ್ ಮಾಸ್ಟರ್ ಸ್ಕೂಟರಿನಲ್ಲಿ ಅವಸರ ಅವಸರವಾಗಿ ಬಂದರು. ಸಾಹೇಬರು ಅವರ ಸ್ಕೂಟರನ್ನು ಒಂದು ಲಾರಿಯ ಹಿಂದೆ, ಚರಂಡಿಯ ಅಂಚಿಗೆ, ಎರಡು ಸೈಕಲ್ಲುಗಳ ಕೆಳಗೆ ಸೇರಿಸಿಬಿಟ್ಟರು.

"ಇದೇನ್ ಸಾಹೇಬ್ರೇ, ಗಾಡಿ ನಿಲ್ಲಿಸೋದೋ, ಹೂತು ಹಾಕೋದೋ?"

ಸಾಹೇಬರಿಗೆ ಅವರನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಕೆಂಪು ಪಟ್ಟಿ ಕಟ್ಟಿದರು. "ನನಗೆ ಅಲ್ಲಿ ಬೇರೆ ಕೆಲಸ ಇದೆ ಸಾಹೇಬ್ರೇ, ನನ್ನ ಮಾತು ಸ್ವಲ್ಪ ಕೇಳಿ..." ಎಂದು ಮಾಸ್ಟರ್ ಕೂಗುತ್ತಲೇ ಇದ್ದರು. ಸಾಹೇಬರು ಕೇಳುವವರೇ? ಪಟ್ಟಿ ಹರಿದ ಕರುವಿನಂತೆ ರಂಗದ ಕಡೆಗೆ ಓಡಿದರು.

ಮುಂದಿನ ಸಾಲು, ಎಡಗಡೆಯಿಂದ ಮೂರನೇ ಕುರ್ಚಿ ಖಾಲಿಯಿತ್ತು. ಸಾಹೇಬರು ಕೂತು, ಮುಖ ಒರೆಸಿಕೊಂಡು, ಹೆಂಡತಿಗೆ ಚೆನ್ನಾಗಿ ಕಾಣಲೆಂದು ಕ್ರಾಪು ಸರಿಮಾಡಿಕೊಂಡರು. ಬರಿದಾದ ತೋಳನ್ನು ಸವರಿ ನೋಡಿದರು. ಅಷ್ಟು ಹಗುರಾದ ತೋಳು ಅವರಿಗೆ ಹಿಂದೆಂದೂ ಇದ್ದಂತಿರಲಿಲ್ಲ.

ಗಂಟೆ ಬಾರಿಸಿತು. ಪರದೆ ಏಳಲಿಲ್ಲ. ಮತ್ತೆ ಬಾರಿಸಿತು. ಪರದೆ ಒಂದು ಮೂಲೆಯಲ್ಲಿ ಮೊಣಕಾಲುದ್ದ ಎದ್ದು, ನಾಚಿಕೊಂಡಂತೆ ಕೆಳಗೆ ಬಿತ್ತು. ಆ ಒಂದು ಗಳಿಗೆಯಲ್ಲಿ ಸಾಹೇಬರಿಗೆ ಒಳಗೆ ನಿಂತ ಹೆಂಡತಿಯ ಪಾದಗಳು ಕಂಡವು. ನಡುಗುತ್ತಿದ್ದವು. ಜನ ಚಪ್ಪಾಳೆ ತಟ್ಟಿದರು, ಸಿಳ್ಳೆ ಹಾಕಿದರು, ಕಾಲು ಕುಟ್ಟಿದರು. ದೂರು ಮಾತ್ರ ಒಂದು ಗಂಟಲಿನಿಂದಲೂ ಹೊರಡಲಿಲ್ಲ. ಎಲ್ಲರಿಗೂ ಹೆಡ್‌ಮಿಸ್ಸಿನ ಕೈಚೀಲದ ಪರಿಚಯವಿತ್ತು.

ಸಾಹೇಬರು ತುಟಿ ಕಚ್ಚಿದರು. ನಾಲಿಗೆ ಕಚ್ಚಿದರು. ಆದರೆ ಆ ಪಾದಗಳು ಕಣ್ಣಿಗೆ ಕಟ್ಟಿದ್ದವು. ಇಷ್ಟು ವರ್ಷಕ್ಕೆ ಒಂದು ದಿನ ಬಣ್ಣ ಹಚ್ಚಿದ ಹೆಂಗಸನ್ನು ಹೀಗೆ ನಿಲ್ಲಿಸಿ ನಡುಗಿಸುವುದೆಂದರೇನು? ಮನುಷ್ಯರು ಮಾಡುವ ಕೆಲಸವೇ ಇದು? ಸಾಹೇಬರು ದಡಕ್ಕನೆ ಎದ್ದರು.

"ಒಂದು ಪರದೆ ಎಳೆಯೋಕೆ ಗತಿ ಇಲ್ವೇನ್ರೀ ನಿಮಗೆ? ಅದಕ್ಕೊಬ್ಬ ಮನುಷ್ಯನನ್ನ ಇಡೋಕಾಗ್ಲಿಲ್ವಾ?"

ಮುಂದಿನ ಸಾಲುಗಳು ತಣ್ಣಗಾದವು; ಹಿಂದಿನವರ ಸಿಳ್ಳೆಯಲ್ಲಿ ಆ ಕೂಗು ಪರದೆಯ ಒಳಕ್ಕೆ ಮುಟ್ಟಲಿಲ್ಲ. ರಂಗದ ಪಕ್ಕದಿಂದ ಹೆಡ್‌ಮಿಸ್ ಇಣುಕಿದರು. "ಇಟ್ಟಿದ್ದೆ. ಟೇಲರ್ ಮಾಸ್ಟರ್‌ನ ಇಟ್ಟಿದ್ದೆ. ಪರದೆ ಹೊಲಿದೋರೂ ಅವರೇ, ಅದರ ಬುದ್ಧಿ ಗೊತ್ತಿರೋರೂ ಅವರೇ. ಈಗ ನೋಡಿದ್ರೆ ಅವರು ಗಾಡಿ ನಿಲ್ಲಿಸ್ತಿದಾರೆ. ಯಾರು ಅಲ್ಲಿಗೆ ಹಾಕಿದ್ರೋ! ಬನ್ನಿ ಸಾಹೇಬ್ರೇ."

ಹಸಿರು ಪಟ್ಟಿ.

ಹಗ್ಗ ಸಿಕ್ಕಿಸುವ ಕೊಕ್ಕೆ ಮುರಿದಿತ್ತು. ಆದ್ದರಿಂದ ಪರದೆ ಎಳೆದವರು ನಾಟಕ ಮುಗಿಯುವವರೆಗೂ ಹಗ್ಗ ಹಿಡಿದೇ ನಿಲ್ಲಬೇಕಾಗಿತ್ತು. "ಕೊನೇಲಿ ಅವಳು ಬಾಗಿಲಿಗೆ ಬಂದು ನಿಲ್ತಾಳೆ," ಎಂದು ಹೆಡ್‌ಮಿಸ್ ಕಿವಿಯಲ್ಲಿ ಹೇಳಿದರು. "ಮಾತು ನಿಂತ ತಕ್ಷಣ ಬಿಟ್ಬಿಡಿ. ಹೋದ ಸಲ ತಡಮಾಡಿ ಬಿಟ್ಟು, ಸತ್ತು ಬಿದ್ದಿದ್ದೋನು ಎದ್ದು ಪಂಚೆ ಕೊಡವಿಕೊಂಡದ್ದು ಊರಿಗೆಲ್ಲ ಕಾಣಿಸ್ತು. ಈ ಸಲ ಹಾಗಾದ್ರೆ ನಾನು ಸುಮ್ಮನಿರಲ್ಲ."

ಹೀಗೆ ಸಾಹೇಬರು ಹೆಂಡತಿಯ ನಾಟಕವನ್ನು ಹಿಂದಿನಿಂದ ನೋಡಿದರು. ಕಂಡದ್ದು ಜಡೆ, ಬೆನ್ನು, ಸೂಟ್‌ಕೇಸಿನ ಒಂದು ಬದಿ. ಕೈ ಸೋತು ಕಣ್ಣಲ್ಲಿ ನೀರು ಬಂದಿತ್ತು. ಆದರೂ ಆ ಬೆನ್ನು ಎಷ್ಟು ನೆಟ್ಟಗೆ ನಿಂತಿದೆ ಎಂದು ಅವರಿಗೆ ಹೆಮ್ಮೆಯಾಯಿತು. ಜನ ನಕ್ಕರು, ಮೂಗೊರೆಸಿಕೊಂಡರು. ಹೆಂಡತಿ ಬಾಗಿಲಿಗೆ ಬಂದರು. "ಇಷ್ಟು ವರ್ಷ ನಿಮ್ಮ ಗೊಣಗಾಟ ಕೇಳಿದೆ. ಈಗ ನನ್ನದೊಂದು ಮಾತು ಕೇಳಿ," ಎಂದರು. ಸಭೆಯತ್ತ ತಿರುಗಿದರು.

ಮಾತು ನಿಂತಿತು.

ಸಾಹೇಬರು ಹೇಳಿದ ಕೆಲಸ ತಪ್ಪಿಸುವವರಲ್ಲ. ಹಗ್ಗ ಬಿಟ್ಟರು. ಪರದೆ ಗೋಣಿಚೀಲ ಬಿದ್ದಂತೆ ಧೊಪ್ಪೆಂದು ಬಿತ್ತು.

ಜನ ಹೊರಡುವಾಗ ಮೈದಾನದ ತುಂಬ ಒಂದೇ ಮಾತು. "ಹೋದಳಾ? ಉಳಿದಳಾ?" ಗಂಡಸರು ಉಳಿದಳೆಂದರು, ಹೆಂಗಸರು ಹೋದಳೆಂದರು. ಸಾಹೇಬರು ಹೆಂಡತಿಗೆ ಕಾಣಬಾರದೆಂದು ಹಸಿರು ಪಟ್ಟಿಯನ್ನು ಬಿಚ್ಚಿ ಜೇಬಿಗೆ ತುರುಕಿ, ಹಗ್ಗದ ಗಾಯವಾದ ಅಂಗೈಗಳನ್ನೂ ಅಲ್ಲೇ ಇಟ್ಟುಕೊಂಡು, ಬಣ್ಣದ ಕೋಣೆಯ ಬಾಗಿಲಿಗೆ ಹೋದರು. ಹೆಂಡತಿ ಅರ್ಧ ಬಣ್ಣ ಒರೆಸಿಕೊಂಡು, ಅರ್ಧ ಅತ್ತು ಕೂತಿದ್ದರು.

"ಎಲ್ಲಿದ್ರಿ ನೀವು? ಕೊನೇ ಮಾತಿಗೆ ನಿಮ್ಮ ಮುಖ ಹುಡುಕಿದೆ. ಕುರ್ಚಿ ಖಾಲಿ! ಗಂಟಲು ಕಟ್ತು. ಒಂದು ಗಳಿಗೆ ಸುಧಾರಿಸಿಕೊಂಡು ಹೇಳೋಣ ಅಂದ್ರೆ, ಅಷ್ಟರಲ್ಲಿ ಯಾವನೋ ಕತ್ತೆ ಪರದೆ ಬಿಟ್ಟ!"

ಸಾಹೇಬರ ಬಾಯಿ ತೆರೆಯಿತು. ಅಲ್ಲೇ ಇದ್ದೆ ಎಂದರೆ ಕತ್ತೆಯಾಗಬೇಕು. ಇರಲಿಲ್ಲ ಎಂದರೆ ಮಾತಿಗೆ ತಪ್ಪಿದವನಾಗಬೇಕು. ಎರಡರ ನಡುವೆ ಅವರಿಗೆ ತಿಳಿದಿದ್ದ ದಾರಿ ಒಂದೇ, ಆಕ್ಷೇಪಣೆ.

"ನಾನು ಹಿಂದಿನ ಸಾಲಲ್ಲಿ... ಅದು ಬಿಡು. ಪರದೆ ಬಿಟ್ಟದ್ದು ದೊಡ್ಡ ಅನ್ಯಾಯ! ಕೆಲಸ ಬಾರದೋರನ್ನೆಲ್ಲ ತಂದು ನಿಲ್ಲಿಸ್ತಾರೆ. ಯಾರಿಗೆ ಯಾವ ಕೆಲಸ ಕೊಡ್ಬೇಕು ಅನ್ನೋದೇ ಈ ಸಂಘದೋರಿಗೆ ಗೊತ್ತಿಲ್ಲ!"

"ನನಗೂ ಹಾಗೇ ಅನ್ನಿಸ್ತಿತ್ತು ಸಾಹೇಬ್ರೇ," ಎಂದಿತು ಬೆನ್ನ ಹಿಂದಿನ ತಣ್ಣನೆಯ ದನಿ. ಹೆಡ್‌ಮಿಸ್ ಕೈಚೀಲದಿಂದ, ಯಾರೂ ಈವರೆಗೆ ನೋಡಿರದ ಒಂದು ಅಗಲವಾದ ಬಿಳಿ ಪಟ್ಟಿ ತೆಗೆದರು. "ಮುಂದಿನ ವರ್ಷ ಯಾರಿಗೆ ಯಾವ ಕೆಲಸ ಅಂತ ಹಂಚೋದೆಲ್ಲ ನಿಮ್ಮದೇ. ಇಡೀ ಮೈದಾನ ನಿಮ್ಮದು. ಅಂದ ಹಾಗೆ, ಆ ಪರದೆ ಹಗ್ಗ ಹಾಗೇ ಬಿಟ್ಟು ಬಂದಿದೀರಲ್ಲ, ಸುತ್ತಿಟ್ಟು ಹೋಗಿ."

ಗಂಟು ಬಿಗಿದು, ಹೆಡ್‌ಮಿಸ್ ಹೊರಟುಹೋದರು. ಹೆಂಡತಿ ಬಣ್ಣ ಒರೆಸುವುದನ್ನು ನಿಲ್ಲಿಸಿ ಗಂಡನನ್ನು ನೋಡಿದರು. ಬಿಳಿ ಪಟ್ಟಿ ನೋಡಿದರು. ಜೇಬಿನಿಂದ ಇಣುಕುತ್ತಿದ್ದ ಹಸಿರು ಪಟ್ಟಿಯನ್ನೂ ನೋಡಿದರು.

ಸಾಹೇಬರು ಹಸಿರು ಪಟ್ಟಿಯನ್ನು ಜೇಬಿನೊಳಕ್ಕೆ ಒತ್ತಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, "ಅಲ್ಲ ಕಣೇ, ಕೊನೆಗೆ ಅವಳು ಹೋಗ್ತಾಳಾ, ಉಳೀತಾಳಾ?"

ಹೆಂಡತಿ ಸೂಟ್‌ಕೇಸ್ ಎತ್ತಿಕೊಂಡರು.

"ಬೆಳಗ್ಗೆ ತನಕ ಗೊತ್ತಿತ್ತು," ಎಂದರು. "ಈಗ ಯೋಚನೆ ಮಾಡ್ತಿದೀನಿ."